ಕೋರ್ಸ್ ಮುಗಿಸಿದರೆ ಮುಗಿಯಿತೇ?

ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿನ ಗಾಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ. 'ಆಂಟಿಬಯಾಟಿಕ್ ಕೋರ್ಸ್ ಅರ್ಧಕ್ಕೆ ನಿಲ್ಲಿಸಬೇಡಿ, ಬ್ಯಾಕ್ಟೀರಿಯಾಗಳಿಗೆ ಔಷಧಿ ಅಭ್ಯಾಸವಾಗಿಬಿಡುತ್ತದೆ' ಅಂತ. ಮೊನ್ನೆ ಅಲ್ಲಿ ನನ್ನ ಮುಂದೆ ನಿಂತಿದ್ದವರೊಬ್ಬರು "ನೆಗಡಿ, ಗಂಟಲು ಕೆರೆತ, ಏನಾದ್ರೂ ಕೊಡ್ರಿ" ಅಂದರು. ಡಾಕ್ಟರ ಚೀಟಿ ಇಲ್ಲ, ಜ್ವರ ಇದೆಯಾ ಅಂತ ಕೇಳಿದ್ದೂ ಇಲ್ಲ. ಅಂಗಡಿಯಾತ ಅಜಿತ್ರೋಮೈಸಿನ್ ಮೂರು ಮಾತ್ರೆಯ ಸ್ಟ್ರಿಪ್ ಕೊಟ್ಟು, "ಮೂರೂ ದಿನ ತಗೊಳ್ಳಿ ಸಾರ್, ಮಧ್ಯೆ ಬಿಡಬೇಡಿ" ಅಂತ ಬುದ್ಧಿ ಹೇಳಿ ಕಳಿಸಿದ. ಕೊಟ್ಟವನಿಗೂ ಸಮಾಧಾನ, ತಗೊಂಡವರಿಗೂ ಸಮಾಧಾನ. ನೆಗಡಿ ಬರುವುದು ವೈರಸ್ಸಿನಿಂದ, ಅದಕ್ಕೆ ಆ ಮಾತ್ರೆ ಏನೂ ಮಾಡುವುದಿಲ್ಲ ಅನ್ನುವುದು ಬೇರೆ ಮಾತು.

ಅಲ್ಲ, ಅದೇ ಮಾತು. ಇವತ್ತು ಬರೆಯಬೇಕು ಅನ್ನಿಸಿದ್ದು ಅದರ ಬಗ್ಗೆಯೇ.

ಆ ಚೀಟಿಯ ಹಿಂದೆ ಒಂದು ಕಥೆ ಇದೆ. ನಾವೆಲ್ಲ ನಂಬಿರುವ ಕಥೆ. ಮೈಯೊಳಗೆ ರೋಗದ ಬ್ಯಾಕ್ಟೀರಿಯಾ ಇದೆ. ಔಷಧಿ ಬಿದ್ದಾಗ ಹೆಚ್ಚಿನವು ಸಾಯುತ್ತವೆ. ಅರ್ಧಕ್ಕೇ ನಿಲ್ಲಿಸಿದರೆ ಗಟ್ಟಿಮುಟ್ಟಾದ ನಾಲ್ಕು ಉಳಿದುಕೊಂಡು, ಅದರಲ್ಲಿ ಒಂದಕ್ಕೆ ಅಕಸ್ಮಾತ್ ಮ್ಯುಟೇಶನ್ ಆಗಿ, ಅದರ ಮಕ್ಕಳು ಮರಿಮಕ್ಕಳೆಲ್ಲ ಔಷಧಿಗೆ ಜಗ್ಗದ ಜಾತಿಯಾಗುತ್ತವೆ. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ.. ಪೂರಾ ವಂಶವೃಕ್ಷದ ಕಥೆ. ತಪ್ಪಿತಸ್ಥ ಯಾರು? ಮಾತ್ರೆ ಬಿಟ್ಟ ರೋಗಿ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲೇ ಇಂಥದ್ದೊಂದು ಕಥೆ ಹೇಳಿದ್ದರು. ಗಂಟಲುನೋವಿನ ಒಬ್ಬ ಗಂಡಸು ಸಾಲದಷ್ಟು ಪೆನಿಸಿಲಿನ್ ತಗೊಂಡು, ತನ್ನ ಗಂಟಲಿನ ಸ್ಟ್ರೆಪ್ಟೊಕಾಕಸ್‌ಗೆ ಅದನ್ನು ಎದುರಿಸುವ ಪಾಠ ಕಲಿಸಿ, ಹೆಂಡತಿಗೆ ಅಂಟಿಸಿ, ಕೊನೆಗೆ ಆಕೆ ಸಾಯುವ ಕಥೆ.

ತಮಾಷೆ ಏನೆಂದರೆ ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್, ಎಂಬತ್ತು ವರ್ಷ ಕಳೆದರೂ ಪೆನಿಸಿಲಿನ್‌ಗೆ ಬಗ್ಗುತ್ತದೆ! ಅದರ ದಾಯಾದಿ, ನ್ಯುಮೋನಿಯಾ ತರುವ ನ್ಯುಮೋಕಾಕಸ್, ಯಾವತ್ತೋ ಕೈತಪ್ಪಿ ಹೋಗಿದೆ. ಅದು ತಾನೇ ಕೂತು ಪಾಠ ಕಲಿತದ್ದು ಕಮ್ಮಿ. ಪಕ್ಕದವರಿಂದ ಕಡ ತಂದದ್ದೇ ಹೆಚ್ಚು.

ಈ ಕಡ ತರುವ ಬುದ್ಧಿಯನ್ನು ಮೊದಲು ಕಂಡವರು ನಿಮಗೂ ಪರಿಚಯದವರೇ. ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆಲ್ಲ ಗ್ರಿಫಿತ್ ಮತ್ತು ಅವರ ಇಲಿಗಳು ನೆನಪಿರಬೇಕು. 1928ನೇ ಇಸವಿ. ನ್ಯುಮೋಕಾಕಸ್‌ನಲ್ಲಿ ಸಕ್ಕರೆಯ ಅಂಶದ ನುಣುಪು ಹೊದಿಕೆ ಇರುವುದು ಇಲಿಯನ್ನು ಕೊಲ್ಲುತ್ತದೆ, ಹೊದಿಕೆ ಇಲ್ಲದ ಒರಟು ಥರದ್ದು ಕೊಲ್ಲುವುದಿಲ್ಲ. ಹೊದಿಕೆಯದ್ದನ್ನು ಕಾಯಿಸಿ ಸಾಯಿಸಿ, ಬದುಕಿರುವ ಒರಟಿನ ಜೊತೆ ಬೆರೆಸಿ ಚುಚ್ಚಿದರು. ಇಲಿ ಸತ್ತಿತು. ಸತ್ತ ಇಲಿಯ ರಕ್ತದಲ್ಲಿ ಹೊದಿಕೆ ಹೊದ್ದು ಬದುಕಿರುವ ಬ್ಯಾಕ್ಟೀರಿಯಾ ಸಿಕ್ಕಿತು. 1944ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಏವರಿ, ಮೆಕ್ಲಿಯಡ್, ಮೆಕಾರ್ಟಿ ಮೂವರು ಸೇರಿ, ಸತ್ತದ್ದರಿಂದ ಬದುಕಿದ್ದಕ್ಕೆ ದಾಟಿದ ವಸ್ತು ಡಿಎನ್ಎ ಅಂತ ತೋರಿಸಿದರು. 'ಆದ್ದರಿಂದ ಡಿಎನ್ಎಯೇ ಅನುವಂಶೀಯ ವಸ್ತು' ಅಂತ ಬರೆದು ಕೆಳಗೆ ಗೆರೆ ಎಳೆದರೆ ಉತ್ತರ ಪೂರ್ಣ, ಅಂಕವೂ ಪೂರ್ಣ.

ನನಗೆ ಬೇಜಾರಿರುವುದು ಆ ಗೆರೆಯ ಮೇಲೆ. ಗ್ರಿಫಿತ್ ಡಿಎನ್ಎ ಹುಡುಕಲು ಹೊರಟವರೇ ಅಲ್ಲ. ಅವರು ಲಂಡನ್ನಿನಲ್ಲಿ ಬ್ರಿಟಿಷ್ ಆರೋಗ್ಯ ಇಲಾಖೆಯ ವೈದ್ಯಾಧಿಕಾರಿ. ನ್ಯುಮೋನಿಯಾ ರೋಗಿಗಳ ಕಫ ಪರೀಕ್ಷೆ ಮಾಡುವುದು ಅವರ ಕೆಲಸ. ಒಬ್ಬನೇ ರೋಗಿಯ ಕಫದಲ್ಲಿ ಬೇರೆ ಬೇರೆ ಥರದ ಹೊದಿಕೆಯ ನ್ಯುಮೋಕಾಕಸ್ ಸಿಗುತ್ತದಲ್ಲ, ಯಾಕೆ? ಅವರ ತಲೆ ತಿನ್ನುತ್ತಿದ್ದದ್ದು ಈ ಪ್ರಶ್ನೆ. ಅಪ್ಪಟ ರೋಗದ ಪ್ರಶ್ನೆ. ನಾವು ಅವರ ಪ್ರಯೋಗವನ್ನು ಡಿಎನ್ಎಗೆ ಹತ್ತುವ ಮೆಟ್ಟಿಲು ಮಾಡಿಕೊಂಡು, ಮೇಲೆ ಹತ್ತಿದ ಮೇಲೆ ಮೆಟ್ಟಿಲನ್ನು ಮರೆತೆವು. ಆ ಇಲಿಯೊಳಗೆ ನಡೆದದ್ದು ನಮ್ಮ ಮೂಗು-ಗಂಟಲುಗಳಲ್ಲಿ ಈಗಲೂ ನಡೆಯುತ್ತಿರುತ್ತದೆ ಅಂತ ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ. (ಗ್ರಿಫಿತ್ 1941ರಲ್ಲಿ ಲಂಡನ್ ಮೇಲಿನ ಬಾಂಬ್ ದಾಳಿಯಲ್ಲಿ ತೀರಿಕೊಂಡರು. ಏವರಿಯವರ ಉತ್ತರ ಬಂದದ್ದು ಮೂರು ವರ್ಷದ ನಂತರ.)

ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲದಿದ್ದಾಗ ಏನು ಮಾಡುತ್ತೇವೆ? ಲೋಟ ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ. ಹಾಲು ನಮ್ಮದೇ, ಪಾತ್ರೆ ನಮ್ಮದೇ, ಮೊಸರಿನ ಗುಣ ಮಾತ್ರ ಅವರ ಮನೆಯದು. ಬ್ಯಾಕ್ಟೀರಿಯಾ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ತರುವುದಕ್ಕೆ ಮೂರು ದಾರಿ. ಸತ್ತ ನೆರೆಯವನ ಡಿಎನ್ಎ ಚೂರನ್ನು ನೇರ ಒಳಗೆ ಎಳೆದುಕೊಳ್ಳುವುದು ಒಂದು, ಗ್ರಿಫಿತ್ ಕಂಡದ್ದು ಇದೇ. ಬದುಕಿರುವ ಎರಡು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ತಗುಲಿಕೊಂಡು, ಪ್ಲಾಸ್ಮಿಡ್ ಅನ್ನುವ ಚಿಕ್ಕ ಡಿಎನ್ಎ ಉಂಗುರವನ್ನು ದಾಟಿಸುವುದು ಇನ್ನೊಂದು. ಬ್ಯಾಕ್ಟೀರಿಯಾಗಳಿಗೇ ತಗಲುವ ವೈರಸ್ಸು, ಅಂದರೆ ಫೇಜ್, ಒಂದರ ಜೀನ್ ಹೊತ್ತು ಮತ್ತೊಂದಕ್ಕೆ ತಲುಪಿಸುವುದು ಮೂರನೆಯದು. ಉಂಗುರವಾದರೆ ಒಳಗೆ ಬಂದು ತನ್ನ ಪಾಡಿಗೆ ತಾನು ಇರುತ್ತದೆ. ಬಿಡಿ ಚೂರಿಗೆ ಆ ಸೌಲಭ್ಯ ಇಲ್ಲ. ಅದು ಮನೆಯ ಡಿಎನ್ಎಯಲ್ಲಿ ತನ್ನನ್ನು ಹೋಲುವ ಜಾಗ ಹುಡುಕಬೇಕು, ಅಲ್ಲಿದ್ದ ಹಳೆಯ ತುಂಡು ಹೋಗಿ ಇದು ಕೂರಬೇಕು. ಈ ಕೂರಿಸುವ ಕೆಲಸಕ್ಕೆ ರೀಕಾಂಬಿನೇಶನ್ ಅನ್ನುತ್ತಾರೆ. ಕನ್ನಡದಲ್ಲಿ ಮರುಸಂಯೋಜನೆ, ಪುನಸ್ಸಂಯೋಜನೆ ಅಂತೆಲ್ಲ ಬರೆಯುವುದುಂಟು. ನನ್ನನ್ನು ಕೇಳಿದರೆ 'ತೇಪೆ' ಅನ್ನಬಹುದು, ಸಣ್ಣ ಪದ, ಎಲ್ಲರಿಗೂ ಗೊತ್ತಿರುವ ಪದ :)

ಮ್ಯುಟೇಶನ್ ಅಂದರೆ ನಕಲು ಮಾಡುವಾಗ ಆಗುವ ಒಂದಕ್ಷರದ ತಪ್ಪು. ಹೆಚ್ಚಿನ ಸಲ ಅದರಿಂದ ಏನೂ ಆಗುವುದಿಲ್ಲ, ಇಲ್ಲವೇ ಕೆಡುಕೇ ಆಗುತ್ತದೆ, ಲಕ್ಷಕ್ಕೋ ಕೋಟಿಗೋ ಒಂದು ಸಲ ಲಾಭ. ತೇಪೆಯಲ್ಲಿ ಬರುವುದು ಇಡೀ ಪ್ಯಾರಾಗ್ರಾಫು, ಅದೂ ಇನ್ನೊಬ್ಬರ ಸಂಸಾರದಲ್ಲಿ ಈಗಾಗಲೇ ಬಾಳಿ ಬದುಕಿದ ಪ್ಯಾರಾಗ್ರಾಫು. ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹುಟ್ಟಿದ ಎರಡು ಒಳ್ಳೆಯ ಗುಣ ಒಂದರಲ್ಲೇ ಸೇರಬೇಕಾದರೆ, ಬರೀ ಮ್ಯುಟೇಶನ್ ನಂಬಿ ಕೂತರೆ ಎರಡನೆಯದು ಮತ್ತೆ ಹೊಸದಾಗಿ ಹುಟ್ಟುವ ತನಕ ಕಾಯಬೇಕು. ತೇಪೆಗೆ ಕಾಯುವ ಗೊಡವೆ ಇಲ್ಲ.

ಇನ್ನು ನ್ಯುಮೋಕಾಕಸ್ ಕಡ ತರುವ ರೀತಿ ನೋಡಿ. ಅಕ್ಕಪಕ್ಕದಲ್ಲಿ ತನ್ನವರು ಸಾಕಷ್ಟು ಸೇರಿದರೆ ಅದು ಒಂದು ಸಣ್ಣ ಪ್ರೋಟೀನ್ ಚೂರನ್ನು ಹೊರಗೆ ಬಿಡುತ್ತದೆ. ಅದು ಒಂದು ಮಟ್ಟಕ್ಕೆ ಬಂದಾಗ ಎಲ್ಲವೂ ಒಟ್ಟಿಗೆ ಡಿಎನ್ಎ ಎಳೆದುಕೊಳ್ಳುವ ಸ್ಥಿತಿಗೆ ಬರುತ್ತವೆ. ಸತ್ತವರು ಸಿಗಲಿ ಅಂತ ಕಾಯುವುದೂ ಇಲ್ಲ, ಸುತ್ತಲಿನ ಸಿದ್ಧವಿಲ್ಲದವನ್ನು ವಿಷ ಬಿಟ್ಟು ಒಡೆದು ಹಾಕಿ ಅವುಗಳ ಡಿಎನ್ಎ ಎತ್ತಿಕೊಳ್ಳುತ್ತವೆ. (ಕಡ ಅಂದೆನಲ್ಲ, ತಪ್ಪಾಯಿತು. ದರೋಡೆ.) ಅದು ಡಿಎನ್ಎ ನುಂಗುವುದೇ ಹೊಟ್ಟೆಪಾಡಿಗೆ, ಜೀನ್ ಬದಲಾಗುವುದು ಅದರ ಪಕ್ಕಪರಿಣಾಮ ಅಂತ ಕೆನಡಾದ ರೋಸ್‌ಮೇರಿ ರೆಡ್‌ಫೀಲ್ಡ್ ಅವರಂಥವರು ವಾದಿಸಿದ್ದಾರೆ. ಇರಲಿ, ಕಾರಣ ಯಾವುದಾದರೂ ನಮಗೆ ಆಗುವ ಪರಿಣಾಮ ಒಂದೇ. ಇದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ಕೆಲವು ಆಂಟಿಬಯಾಟಿಕ್‌ಗಳ ಏಟು ಬಿದ್ದಾಗ ನ್ಯುಮೋಕಾಕಸ್ ಇದೇ ಸ್ಥಿತಿಗೆ ಜಾರುತ್ತದೆ ಅಂತ 2006ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಕೊಲ್ಲಲು ಕೊಟ್ಟ ಔಷಧಿಯೇ ಅದರ ಬಾಗಿಲು ತೆರೆಯುತ್ತದೆ!

ಪೆನಿಸಿಲಿನ್ ವಿಷಯದಲ್ಲಿ ಆದದ್ದೇನು? ಪೆನಿಸಿಲಿನ್ ಹೋಗಿ ಅಂಟಿಕೊಳ್ಳುವುದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲವು ಪ್ರೋಟೀನುಗಳಿಗೆ. ಅಂಟಿಕೊಂಡರೆ ಗೋಡೆ ಕೆಲಸ ನಿಂತು ಬ್ಯಾಕ್ಟೀರಿಯಾ ಸಾಯುತ್ತದೆ. ಬಗ್ಗದ ನ್ಯುಮೋಕಾಕಸ್‌ಗಳಲ್ಲಿ ಈ ಪ್ರೋಟೀನುಗಳ ಜೀನ್ ಓದಿ ನೋಡಿದಾಗ, 1980ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ಬ್ರಯಾನ್ ಸ್ಪ್ರಾಟ್ ಮತ್ತು ಸಂಗಡಿಗರಿಗೆ ಕಂಡದ್ದು ಕೌದಿ. ಒಂದಷ್ಟು ದೂರ ಮಾಮೂಲು ನ್ಯುಮೋಕಾಕಸ್‌ನ ಅಕ್ಷರ, ಆಮೇಲೆ ಒಂದಷ್ಟು ದೂರ ಬೇರೆಯೇ ಜಾತಿಯದ್ದು, ಮತ್ತೆ ಮಾಮೂಲು. ಒಂದೆರಡು ಅಕ್ಷರ ತಪ್ಪಿದ್ದರೆ ಮ್ಯುಟೇಶನ್ ಅನ್ನಬಹುದು. ಇಲ್ಲಿ ತುಂಡಿಗೆ ತುಂಡೇ ಬೇರೆ. ಆ ತುಂಡುಗಳು ಬಂದದ್ದು ಎಲ್ಲಿಂದ? ಸ್ಟ್ರೆಪ್ಟೊಕಾಕಸ್ ಮೈಟಿಸ್‌ನಂಥ, ನಮ್ಮೆಲ್ಲರ ಬಾಯಿ-ಗಂಟಲಲ್ಲಿ ತಮ್ಮಷ್ಟಕ್ಕೆ ಇರುವ ಸಾಧು ಬ್ಯಾಕ್ಟೀರಿಯಾಗಳಿಂದ! ಗೊನೋರಿಯಾದಲ್ಲೂ ಇದೇ ಕಥೆ. ಅದಕ್ಕೆ ಉಳಿದಿದ್ದ ಒಳ್ಳೆಯ ಮಾತ್ರೆಗಳನ್ನು ಕೆಡಿಸಿದ ಜೀನ್ ತುಂಡುಗಳು ಗಂಟಲಿನ ನಿರುಪದ್ರವಿ ನೈಸೀರಿಯಾಗಳಿಂದ ಬಂದವು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಆ ಸಾಧುಗಳಿಗೆ ಪೆನಿಸಿಲಿನ್ ಅಭ್ಯಾಸವಾದದ್ದು ಹೇಗೆ? ಯಾರೂ ಅವುಗಳನ್ನು ಕೊಲ್ಲಲು ಔಷಧಿ ತಗೊಂಡಿರಲಿಲ್ಲ. ಇನ್ಯಾವುದಕ್ಕೋ, ಎಷ್ಟೋ ಸಲ ಯಾವುದಕ್ಕೂ ಅಲ್ಲದೆ, ನುಂಗಿದ ಔಷಧಿ ಅವುಗಳ ಮೇಲೂ ಬಿತ್ತು. ತಾಳಿಕೊಂಡವು ಉಳಿದವು. ಅವು ಯಾರಿಗೂ ಕಾಯಿಲೆ ತರುವುದಿಲ್ಲ, ಹಾಗಾಗಿ ಯಾವ ಲ್ಯಾಬೂ ಅವನ್ನು ಲೆಕ್ಕಕ್ಕಿಡುವುದಿಲ್ಲ. ಕಣಜ ಅಲ್ಲಿ ತುಂಬಿಕೊಳ್ಳುತ್ತದೆ. ಕಳ್ಳ ಯಾವಾಗಲೋ ಒಂದು ದಿನ ಬಂದು ಎತ್ತಿಕೊಂಡು ಹೋಗುತ್ತಾನೆ. 'ಕೋರ್ಸ್ ಮುಗಿಸಿ' ಅನ್ನುವ ಬುದ್ಧಿವಾದ ಈ ಕಣಜದ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಒಂದೇ ಮನೆತನದಲ್ಲಿ ಈ ತೇಪೆ ಕೆಲಸ ಎಷ್ಟು ನಡೆಯುತ್ತದೆ ಅನ್ನುವುದಕ್ಕೆ ಲೆಕ್ಕವೂ ಇದೆ. 1980ರ ದಶಕದಲ್ಲಿ ಸ್ಪೇನಿನಲ್ಲಿ ಮೊದಲು ಗುರುತಿಸಿದ, ಹಲವು ಔಷಧಿಗಳಿಗೆ ಬಗ್ಗದ ಒಂದು ನ್ಯುಮೋಕಾಕಸ್ ಮನೆತನ ಜಗತ್ತೆಲ್ಲ ಹರಡಿತ್ತು. ನಿಕೋಲಸ್ ಕ್ರೌಚರ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಅಂಥ 240 ಮಾದರಿಗಳ ಪೂರ್ತಿ ಡಿಎನ್ಎ ಓದಿ 2011ರಲ್ಲಿ ಪ್ರಕಟಿಸಿದರು. 700ಕ್ಕೂ ಹೆಚ್ಚು ತೇಪೆಗಳು ಸಿಕ್ಕವು. ಎಲ್ಲಿ ಹೆಚ್ಚು? ನಮ್ಮ ಮೈಯ ರಕ್ಷಣಾ ವ್ಯವಸ್ಥೆ ಯಾವ ಭಾಗ ನೋಡಿ ಶತ್ರುವನ್ನು ಗುರುತಿಸುತ್ತದೋ ಆ ಜೀನುಗಳಲ್ಲಿ. ಹೊದಿಕೆಯನ್ನೇ ಬದಲಾಯಿಸಿದ್ದು 10 ಸಲ. ಗ್ರಿಫಿತ್ ಇಲಿಯಲ್ಲಿ ಕಂಡದ್ದೇ, ಆದರೆ ಮನುಷ್ಯರಲ್ಲಿ.

ಆ ಹೊದಿಕೆ ಬದಲಾವಣೆಗಳಲ್ಲಿ ಒಂದರ ಹಿಂದೆ ಲಸಿಕೆಯ ಕಥೆ ಇದೆ. ನ್ಯುಮೋಕಾಕಸ್‌ನಲ್ಲಿ ನೂರರ ಹತ್ತಿರ ಥರದ ಹೊದಿಕೆಗಳು. 2000ದಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಕೊಡಲು ಶುರು ಮಾಡಿದ ಲಸಿಕೆ ಅವುಗಳಲ್ಲಿ 7ನ್ನು ಗುರುತಿಸುತ್ತಿತ್ತು. ಆ ಏಳೂ ಕಮ್ಮಿಯಾದವು, ಮಕ್ಕಳು ಬದುಕಿದರು. ಆದರೆ ಪಟ್ಟಿಯಲ್ಲಿಲ್ಲದ 19ಎ ಅನ್ನುವ ಹೊದಿಕೆ ಹೆಚ್ಚಾಗತೊಡಗಿತು. ಪಟ್ಟಿಯಲ್ಲಿದ್ದ ಕೆಲವು ಮನೆತನಗಳೇ ಹಳೆ ಕೋಟು ಬಿಚ್ಚಿ 19ಎ ಕೋಟು ತೊಟ್ಟಿದ್ದವು. 2010ರಲ್ಲಿ 19ಎಯನ್ನೂ ಸೇರಿಸಿಕೊಂಡ 13 ಥರದ ಲಸಿಕೆ ಬಂತು. ಇದನ್ನು ಓದಿ 'ಹಾಗಾದರೆ ಲಸಿಕೆ ದಂಡ' ಅಂತ ಯಾರಾದರೂ ಫಾರ್ವರ್ಡ್ ಮಾಡಿದರೆ ದಯವಿಟ್ಟು ನನ್ನ ಹೆಸರು ಹಾಕಬೇಡಿ. ಕೋಟು ಬದಲಾಯಿಸಿದವು ಇದ್ದರೂ ಒಟ್ಟು ಕಾಯಿಲೆ ಬಹಳ ಇಳಿಯಿತು. ನಮ್ಮಲ್ಲಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಸರ್ಕಾರಿ ಲಸಿಕೆ ಇದೇ ಕಾಯಿಲೆಯದ್ದು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಮಾಡುವ 10 ಥರದ ಲಸಿಕೆಯಲ್ಲಿ 19ಎ ಇದೆ. ಇಂಥ ಲಸಿಕೆ ಕೊಟ್ಟ ಮೇಲೂ ಕಣ್ಣಿಟ್ಟಿರಬೇಕು, ಪಟ್ಟಿಯನ್ನು ಆಗಾಗ ತಿದ್ದುತ್ತಿರಬೇಕು ಅನ್ನುವುದಷ್ಟೇ ನನ್ನ ಮಾತು.

ಕೋಟು ಬದಲಾಯಿಸುವುದು ನಮ್ಮ ಪಕ್ಕದಲ್ಲೇ, ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದದ್ದುಂಟು. ಕಾಲರಾ. ಕಾಲರಾದ ಬ್ಯಾಕ್ಟೀರಿಯಾಕ್ಕೂ ಹೊರಗೆ ಸಕ್ಕರೆ ಸರಪಳಿಗಳಿವೆ, ಅವುಗಳ ಮೇಲೆ ಓ1, ಓ2 ಅಂತ ನಂಬರ್ ಕೊಟ್ಟಿದ್ದಾರೆ. ಊರಿಗೆ ಊರೇ ಮಲಗಿಸುವ ಕಾಲರಾ ಅಂದರೆ ಓ1 ಮಾತ್ರ, ಉಳಿದವು ಅಲ್ಲಲ್ಲಿ ಒಂದೆರಡು ಭೇದಿಗಷ್ಟೇ ಅಂತ ತಿಳಿದಿದ್ದರು. 1992ರ ಕೊನೆಗೆ ಮದರಾಸಿನಲ್ಲಿ ಕಾಲರಾ ಬಂತು. ಪರೀಕ್ಷೆ ಮಾಡಿದರೆ ಓ1 ಅಲ್ಲ. ಗೊತ್ತಿದ್ದ 138 ನಂಬರುಗಳಲ್ಲಿ ಯಾವುದೂ ಅಲ್ಲ. ಹೊಸದಕ್ಕೆ ಓ139 ಅಂತ ಹೆಸರಿಟ್ಟರು. ಬಂಗಾಳ ಕೊಲ್ಲಿಯ ತೀರದಲ್ಲೇ ಹಬ್ಬಿ ಕಲ್ಕತ್ತ ದಾಟಿ 1993ರಲ್ಲಿ ಬಾಂಗ್ಲಾದೇಶದಲ್ಲಿ ದೊಡ್ಡ ಹಾವಳಿ ಮಾಡಿತು. ಹಳೆಯ ಕಾಲರಾದ ಊರುಗಳಲ್ಲಿ ದೊಡ್ಡವರಿಗೆ ಅಷ್ಟಿಷ್ಟು ನಿರೋಧಶಕ್ತಿ ಇರುತ್ತಿತ್ತು, ಮಕ್ಕಳೇ ಹೆಚ್ಚು ಬೀಳುತ್ತಿದ್ದರು. ಈ ಸಲ ದೊಡ್ಡವರೂ ಸಾಲುಸಾಲಾಗಿ ಮಲಗಿದರು. ಅವರ ಮೈಗೆ ಇದು ಅಪರಿಚಿತ.

ಒಳಗೆ ಬಿಚ್ಚಿ ನೋಡಿದರೆ ಅದು ಹಳೆಯ ಎಲ್ ಟೋರ್ ಓ1 ಕಾಲರಾವೇ. ಹೊರಗಿನ ಸಕ್ಕರೆ ಮಾಡುವ ಜೀನುಗಳ ಗುಂಪನ್ನು ಮಾತ್ರ ಕಿತ್ತು, ಇನ್ಯಾರದ್ದೋ ಗುಂಪನ್ನು ಅಲ್ಲಿ ಕೂರಿಸಿದೆ. ಒಂದು ತೇಪೆ, ಅಷ್ಟೇ. ಎಲ್ಲಿ ಆಗಿರಬಹುದು? ಕಾಲರಾದ ಬ್ಯಾಕ್ಟೀರಿಯಾ ಉಪ್ಪುನೀರಿನ ಹಿನ್ನೀರುಗಳಲ್ಲಿ ಏಡಿ, ಸಿಗಡಿಗಳ ಚಿಪ್ಪಿಗೆ ಅಂಟಿಕೊಂಡು ಬದುಕುತ್ತದೆ. ಆ ಚಿಪ್ಪಿನ ಕೈಟಿನ್ ಅನ್ನುವ ವಸ್ತು ತಗುಲಿದಾಗಲೇ ಅದಕ್ಕೆ ಡಿಎನ್ಎ ಎಳೆದುಕೊಳ್ಳುವ ಶಕ್ತಿ ಬರುತ್ತದೆ ಅಂತ 2005ರಲ್ಲಿ ಗೊತ್ತಾಯಿತು. ಮೆಲಾನಿ ಬ್ಲೋಕೆಶ್ ಮತ್ತು ಗ್ಯಾರಿ ಸ್ಕೂಲ್ನಿಕ್ 2007ರಲ್ಲಿ ಲ್ಯಾಬಿನಲ್ಲಿ ಏಡಿ ಚಿಪ್ಪಿನ ಮೇಲೆ ಓ1ಕ್ಕೆ ಓ139ರ ಡಿಎನ್ಎ ಕೊಟ್ಟು ಓ139 ಆಗಿ ಬದಲಾಗುವುದನ್ನು ತೋರಿಸಿದರು. ಅಂದ ಹಾಗೆ ಕಾಲರಾ ನಮ್ಮನ್ನು ಕೊಲ್ಲುವುದು ಅದು ಬಿಡುವ ಒಂದು ವಿಷದಿಂದ ಅಂತ 1959ರಲ್ಲಿ ತೋರಿಸಿದವರು ಕಲ್ಕತ್ತದ ಶಂಭುನಾಥ ಡೇ. ಆ ವಿಷದ ಜೀನ್ ಕೂಡ ಕಾಲರಾದ ಸ್ವಂತದ್ದಲ್ಲ, ಅದರೊಳಗೆ ಸೇರಿಕೊಂಡ ಒಂದು ಫೇಜ್ ತಂದದ್ದು ಅಂತ 1996ರಲ್ಲಿ ತಿಳಿಯಿತು. ಹೊದಿಕೆ ಒಬ್ಬರದ್ದು, ವಿಷ ಇನ್ನೊಬ್ಬರದ್ದು!

ಓ139 ಆಮೇಲೆ ಹಿಂದೆ ಸರಿಯಿತು, ಓ1 ಮತ್ತೆ ಮುಂದೆ ಬಂತು. ಅದಕ್ಕೆ 'ಬೆಂಗಾಲ್' ಅಂತಲೂ ಅಡ್ಡಹೆಸರಿತ್ತು, ನಮ್ಮಲ್ಲಿ ಯಾರೂ ಅದಕ್ಕೆ ಬೀದಿಗಿಳಿದ ಹಾಗಿಲ್ಲ. ಆದರೆ 2010ರಲ್ಲಿ ಎನ್‌ಡಿಎಂ-1 ಬಂದಾಗ ಆದ ಗದ್ದಲ ನೆನಪಿದೆಯಾ? 'ನ್ಯೂ ಡೆಲ್ಲಿ' ಅಂತ ಹೆಸರಿಟ್ಟರು ಅಂತ ಪಾರ್ಲಿಮೆಂಟಿನಿಂದ ಟೀವಿ ತನಕ ಕೂಗಾಟ. ಇದು ನಮ್ಮ ಮೆಡಿಕಲ್ ಟೂರಿಸಂ ಮೇಲಿನ ಸಂಚು ಅಂದರು. 2011ರಲ್ಲಿ ಲ್ಯಾನ್ಸೆಟ್ ಸಂಪಾದಕ ರಿಚರ್ಡ್ ಹಾರ್ಟನ್ ಆ ಹೆಸರಿಗೆ ಕ್ಷಮೆಯನ್ನೂ ಕೇಳಿದರು. ಗೆದ್ದೆವು. ಏನು ಗೆದ್ದೆವೋ!

ಎನ್‌ಡಿಎಂ-1 ಒಂದು ಬ್ಯಾಕ್ಟೀರಿಯಾದ ಹೆಸರೇ ಅಲ್ಲ. ಅದೊಂದು ಕಿಣ್ವ. ಆಸ್ಪತ್ರೆಗಳಲ್ಲಿ ಕೊನೆಗೆ ತೆಗೆಯುವ ಕಾರ್ಬಾಪೆನೆಮ್ ಔಷಧಿಗಳನ್ನು ಸೀಳಿ ಹಾಕುತ್ತದೆ. ಅದರ ಜೀನ್ ಪ್ಲಾಸ್ಮಿಡ್ ಏರಿ ಜಾತಿಯಿಂದ ಜಾತಿಗೆ ಓಡಾಡುತ್ತದೆ. ಆ ಜೀನೇ ಒಂದು ತೇಪೆಯ ಕೂಸು, ಅದರ ಮೊದಲ ತುಣುಕು ಬೇರೊಂದು ಔಷಧಿಯನ್ನು ತಡೆಯುವ ಜೀನಿನದ್ದು, ಉಳಿದ ಮೈ ಇನ್ನೊಂದರದ್ದು ಅಂತ 2012ರಲ್ಲಿ ತೋರಿಸಿದರು. ಹೆಸರಿನ ಜಗಳದಲ್ಲಿ ನಾವು ಓದದೆ ಬಿಟ್ಟದ್ದು 2011ರ ಇನ್ನೊಂದು ವರದಿ. ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ 2ರಲ್ಲಿ ಆ ಜೀನ್ ಸಿಕ್ಕಿತ್ತು. ಕಾಲರಾ ಮತ್ತು ಆಮಶಂಕೆ ತರುವ ಜಾತಿಗಳ ಒಳಗೂ ಸಿಕ್ಕಿತ್ತು. ಆ ಪ್ಲಾಸ್ಮಿಡ್ ಒಂದರಿಂದ ಇನ್ನೊಂದಕ್ಕೆ ಹೆಚ್ಚು ಸಲೀಸಾಗಿ ದಾಟಿದ್ದು ನಮ್ಮ ಮೈಯ 37 ಡಿಗ್ರಿಯಲ್ಲಲ್ಲ, 30 ಡಿಗ್ರಿಯಲ್ಲಿ. ಅಂದರೆ ನಮ್ಮ ಚರಂಡಿಯ ಬಿಸಿಯಲ್ಲಿ. ಯಾವ ರೋಗಿ ಕೋರ್ಸ್ ಮುಗಿಸಿದ, ಯಾವನು ಬಿಟ್ಟ ಅನ್ನುವುದು ಚರಂಡಿಗೆ ಏನು ಗೊತ್ತು?

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಲೇಬೇಕು, ಯಾರಿಗೂ ತಪ್ಪು ಅರ್ಥ ಆಗಬಾರದು. ಎಲ್ಲ ಬ್ಯಾಕ್ಟೀರಿಯಾಗಳೂ ಹೀಗಲ್ಲ. 1993ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಅವರು ಇದೇ ಸ್ಪ್ರಾಟ್ ಮತ್ತಿತರರ ಜೊತೆ ಸೇರಿ ತೋರಿಸಿದ ಹಾಗೆ, ಗೊನೋರಿಯಾದಂಥವು ಎಗ್ಗಿಲ್ಲದೆ ಬೆರೆಯುತ್ತವೆ, ಸಾಲ್ಮೊನೆಲ್ಲಾದಂಥವು ಹೆಚ್ಚುಕಮ್ಮಿ ಮನೆತನ ಕಾಯ್ದುಕೊಳ್ಳುತ್ತವೆ. ಕ್ಷಯದ್ದಂತೂ ಪಕ್ಕಾ ಮಡಿವಂತ, ಯಾರಿಂದಲೂ ಏನೂ ತಗೊಳ್ಳುವುದಿಲ್ಲ. ಅದರಲ್ಲಿ ಔಷಧಿ ಕೆಡುವುದು ಆ ಹಳೆಯ ವಂಶವೃಕ್ಷದ ಕಥೆಯಂತೆಯೇ, ಮ್ಯುಟೇಶನ್ನಿಂದ, ರೋಗಿಯ ಮೈಯೊಳಗೇ. ಹಾಗಾಗಿ ಟೀಬಿ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ, ಹೇಳಿದಷ್ಟು ತಿಂಗಳು ಮುಗಿಸಲೇಬೇಕು. ಟೀಬಿಗೆ ಆ ಚೀಟಿಯ ಮಾತು ಅಕ್ಷರಶಃ ನಿಜ. ಒಂದು ಕಾಯಿಲೆಗೆ ಸರಿಯಾದ ಮಾತನ್ನು ಎಲ್ಲದಕ್ಕೂ ಅಂಟಿಸಿದ್ದು ತಪ್ಪು.

ಮನೆತನ ಕಾಯ್ದುಕೊಳ್ಳುವವೂ ಒಮ್ಮೊಮ್ಮೆ ಜಾರುತ್ತವೆ. 2016ರ ಕೊನೆಯಲ್ಲಿ ಹೈದರಾಬಾದಿನಲ್ಲಿ (ನಮ್ಮ ಪಕ್ಕದ್ದಲ್ಲ, ಪಾಕಿಸ್ತಾನದ ಸಿಂಧ್‌ನದ್ದು) ಹೊಸ ಟೈಫಾಯ್ಡ್ ಶುರುವಾಯಿತು. ಮೊದಲೇ ಹಲವು ಔಷಧಿ ಕೇಳದ ಮನೆತನ. ಅದಕ್ಕೆ ಇ. ಕೋಲಿಯಂಥ ಕರುಳಿನ ಬ್ಯಾಕ್ಟೀರಿಯಾದಿಂದ ಒಂದೇ ಒಂದು ಪ್ಲಾಸ್ಮಿಡ್ ಸಿಕ್ಕಿತು. ಅಲ್ಲಿಗೆ ಐದು ಬಗೆಯ ಔಷಧಿಗಳು ಕೆಲಸಕ್ಕೆ ಬಾರದೆ ಹೋದವು. 2019ರಲ್ಲಿ ಪಾಕಿಸ್ತಾನ ಮಕ್ಕಳಿಗೆ ಟೈಫಾಯ್ಡ್ ಲಸಿಕೆ ಹಾಕಲು ಶುರು ಮಾಡಿತು. ಆ ಲಸಿಕೆ ತಯಾರಾದದ್ದು ನಮ್ಮ ಹೈದರಾಬಾದಿನಲ್ಲಿ! ಇರಲಿ, ನಾನು ಹೇಳಹೊರಟದ್ದು ಇದು: ಆ ಟೈಫಾಯ್ಡಿಗೆ ಬಾಯಲ್ಲಿ ನುಂಗುವ ಮಾತ್ರೆ ಅಂತ ಉಳಿದದ್ದು ಒಂದೇ. ಅಜಿತ್ರೋಮೈಸಿನ್. ನನ್ನ ಮುಂದಿದ್ದವರಿಗೆ ನೆಗಡಿಗೆ ಅಂತ ಕೊಟ್ಟದ್ದು.

ಆ ಮೂರು ಮಾತ್ರೆಯ ಬಗ್ಗೆ ಒಂದು ಪ್ರಯೋಗವೂ ಇದೆ. 2007ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದದ್ದು, ಬೆಲ್ಜಿಯಂನಲ್ಲಿ ಮಾಡಿದ್ದು. ಯಾವ ಕಾಯಿಲೆಯೂ ಇಲ್ಲದ 224 ಜನ. ಕೆಲವರಿಗೆ ಅಜಿತ್ರೋಮೈಸಿನ್ ದಿನಕ್ಕೊಂದರಂತೆ ಮೂರು ದಿನ, ಕೆಲವರಿಗೆ ಅದೇ ಗುಂಪಿನ ಇನ್ನೊಂದು ಔಷಧಿ, ಉಳಿದವರಿಗೆ ಸುಳ್ಳು ಮಾತ್ರೆ. ಔಷಧಿ ತಗೊಂಡವರ ಗಂಟಲಿನ ಸಾಧು ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಆ ಔಷಧಿಗೆ ಜಗ್ಗದವುಗಳ ಪಾಲು ಒಮ್ಮೆಲೇ ಏರಿತು. ಆರು ತಿಂಗಳಾದರೂ ಪೂರ್ತಿ ಇಳಿಯಲಿಲ್ಲ. ಅಲ್ಲಿ ಅರ್ಧಕ್ಕೆ ಬಿಟ್ಟ ಸೋಮಾರಿಗಳ ಮಾತೇ ಇಲ್ಲ. ಪೂರ್ತಿ ಕೋರ್ಸ್ ಕೊಟ್ಟರೆ ಏನಾಗುತ್ತದೆ ಅಂತ ನೋಡಲೆಂದೇ ಮಾಡಿದ ಪ್ರಯೋಗ ಅದು.

2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮಾರ್ಟಿನ್ ಲ್ಯುವೆಲಿನ್ ಮತ್ತು ಸಂಗಡಿಗರು ಬಹಿರಂಗವಾಗಿಯೇ ಬರೆದರು: ಸಾಮಾನ್ಯ ಸೋಂಕುಗಳಲ್ಲಿ 'ಪೂರ್ತಿ ಕೋರ್ಸ್' ಅನ್ನುವ ಮಾತಿಗೆ ಗಟ್ಟಿ ಆಧಾರ ಇಲ್ಲ, ಬೇಕಾದ್ದಕ್ಕಿಂತ ಹೆಚ್ಚು ದಿನ ತಗೊಂಡಷ್ಟೂ ಮೈಯ ಉಳಿದ ಬ್ಯಾಕ್ಟೀರಿಯಾಗಳು ಹಾಳಾಗುತ್ತವೆ ಅಂತ. ಎಷ್ಟು ದಿನ ಅನ್ನುವುದನ್ನು ನಿಮ್ಮ ಡಾಕ್ಟರು ಹೇಳಲಿ, ನಾನು ಹೇಳುವವನಲ್ಲ. ನಾನು ಹೇಳುವುದು ಎಷ್ಟು ದಿನ ಅನ್ನುವುದಕ್ಕಿಂತ ಮೊದಲಿನ ಪ್ರಶ್ನೆ: ಬೇಕಾ? ಮತ್ತು ಅದಕ್ಕೂ ದೊಡ್ಡದು: ನಮ್ಮ ಬಾಯಿಂದ ಆಚೆ ಎಷ್ಟು ಸುರಿಯುತ್ತಿದ್ದೇವೆ?

ಆ ದೊಡ್ಡ ಪ್ರಶ್ನೆಗೆ ಸರ್ಕಾರ ಒಮ್ಮೆ ಸರಿಯಾಗಿ ಉತ್ತರಿಸಿದೆ. ಕೊನೆಯ ಅಸ್ತ್ರ ಅಂತ ಇಟ್ಟುಕೊಂಡಿರುವ ಕೊಲಿಸ್ಟಿನ್ ಅನ್ನು ಕೋಳಿಗಳಿಗೆ ಬೇಗ ಬೆಳೆಯಲಿ ಅಂತ ಮೇವಿನಲ್ಲಿ ಹಾಕುತ್ತಿದ್ದರು. ಕೊಲಿಸ್ಟಿನ್ ತಡೆಯುವ, ಪ್ಲಾಸ್ಮಿಡ್ ಮೇಲೆ ಓಡಾಡುವ ಜೀನ್ 2015ರಲ್ಲಿ ಚೀನಾದ ಹಂದಿಗಳಲ್ಲಿ ಸಿಕ್ಕಿತು. 2019ರ ಜುಲೈನಲ್ಲಿ ನಮ್ಮ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಮೆಚ್ಚಬೇಕಾದ ಕೆಲಸ. ಇನ್ನೊಂದು ಸಲ ಹಿಂದೆ ಸರಿಯಿತು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರನ್ನು ಶುದ್ಧ ಮಾಡಿ ಬಿಡುವ ಘಟಕವೊಂದರಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೋಫ್ಲಾಕ್ಸಸಿನ್ ಇತ್ತು ಅಂತ 2007ರಲ್ಲಿ ಸ್ವೀಡನ್ನಿನ ಸಂಶೋಧಕರು ವರದಿ ಮಾಡಿದರು. ಮಾತ್ರೆ ನುಂಗಿದವನ ರಕ್ತದಲ್ಲೂ ಅಷ್ಟಿರುವುದಿಲ್ಲ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ನೀರಿನಲ್ಲಿ ಆಂಟಿಬಯಾಟಿಕ್ ಎಷ್ಟಿರಬಹುದು ಅಂತ ಮಿತಿ ಹಾಕುವ ಕರಡು ಹೊರಡಿಸಿತು. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳು ಅದರಲ್ಲಿ ಇರಲಿಲ್ಲ. ಹೆಸರಿಗಾಗಿ ಪಾರ್ಲಿಮೆಂಟಿನಲ್ಲಿ ಕೂಗಿದ ಒಂದು ಪಾಲು ಇದಕ್ಕೆ ಕೂಗಿದ್ದರೂ ಸಾಕಿತ್ತು ಅನ್ನಿಸುತ್ತದೆ.

ಮೆಡಿಕಲ್ ಶಾಪಿನವರು ಒಳ್ಳೆಯವರೇ, ಪರಿಚಯವೂ ಇದೆ. ಆ ಚೀಟಿಯ ಕೆಳಗೆ ಇನ್ನೊಂದು ಚೀಟಿ ಅಂಟಿಸಿ ಅಂತ ಕೇಳಬೇಕು ಅಂತಿದ್ದೇನೆ. 'ನೆಗಡಿಗೆ ಆಂಟಿಬಯಾಟಿಕ್ ಕೇಳಬೇಡಿ, ನಾವೂ ಕೊಡುವುದಿಲ್ಲ' ಅಂತ ಬರೆದುಕೊಂಡು ಹೋದರೆ ಅಂಟಿಸುತ್ತಾರಾ? ಅನುಮಾನ. ಇದಕ್ಕಿಂತ ಮೆದುವಾಗಿ, ಆದರೆ ಅಷ್ಟೇ ನಾಟುವ ಹಾಗೆ ನಿಮಗೇನಾದರೂ ಹೊಳೆದರೆ ಹೇಳಿ, ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ.